ಟಾರ್ ಕಟ್ಟುತ್ತದೆ, ಜಿಜಿಪ್ ಕುಗ್ಗಿಸುತ್ತದೆ

ಯುನಿಕ್ಸ್ ಮತ್ತು ಲಿನಕ್ಸ್ ಗಣಕಗಳಲ್ಲಿ ಕಡತಗಳನ್ನು ಕಟ್ಟುವುದು ಒಂದು ಕೆಲಸ, ಕುಗ್ಗಿಸುವುದು ಇನ್ನೊಂದು. ಕಟ್ಟುವ ಕೆಲಸ ಟಾರ್‌ನದು. 1979ರಲ್ಲಿ ಯುನಿಕ್ಸ್‌ನ ಏಳನೆಯ ಆವೃತ್ತಿಯೊಡನೆ ಬಂದ ಈ ಸಾಧನ ಹುಟ್ಟಿದ್ದು ಕಾಂತೀಯ ಟೇಪಿಗೆ ಕಡತಗಳನ್ನು ಬರೆದಿಡಲು. ಪ್ರತಿ ಕಡತದ ಮುಂದೆ ಅದರ ಹೆಸರು, ಒಡೆಯ, ಅನುಮತಿ, ತಿದ್ದಿದ ಸಮಯ ಇವುಗಳನ್ನು ಹೊತ್ತ 512 ಬೈಟ್‌ಗಳ ತಲೆಪಟ್ಟಿ ಇಟ್ಟು, ಒಂದರ ಹಿಂದೆ ಒಂದನ್ನು ಪೋಣಿಸುತ್ತದೆ. ಆದ್ದರಿಂದ ಬರಿಯ ಟಾರ್ ಕಟ್ಟು ಮೂಲ ಕಡತಗಳ ಒಟ್ಟು ಗಾತ್ರಕ್ಕಿಂತ ತುಸು ದೊಡ್ಡದೇ.

ಕುಗ್ಗಿಸುವ ಜಿಜಿಪ್ ಬಂದದ್ದು 1992ರಲ್ಲಿ. ಅದಕ್ಕೂ ಹಿಂದಿನ ಕಂಪ್ರೆಸ್ ಸಾಧನದ ವಿಧಾನಕ್ಕೆ ಪೇಟೆಂಟ್ ತೊಡಕಿತ್ತು. ಎಲ್ಲರೂ ಮುಕ್ತವಾಗಿ ಬಳಸಬಹುದಾದ ಬದಲಿಯನ್ನು ಝಾನ್-ಲೂ ಗೈಯಿ ಮತ್ತು ಮಾರ್ಕ್ ಆಡ್ಲರ್ ಬರೆದರು. ಅದು ಹಿಂದಿನ 32 ಕಿಲೋಬೈಟ್‌ಗಳನ್ನು ನೆನಪಿನಲ್ಲಿಟ್ಟುಕೊಂಡು, ಮತ್ತೆ ಬಂದ ಸಾಲನ್ನು ಪುನಃ ಬರೆಯದೆ ‘ಇಷ್ಟು ಹಿಂದೆ ಹೋಗಿ ಇಷ್ಟು ಬೈಟ್ ತೆಗೆದುಕೋ’ ಎಂಬ ಗುರುತನ್ನಷ್ಟೇ ಹಾಕುತ್ತದೆ. ಬಳಿಕ ಹೆಚ್ಚು ಸಲ ಬರುವುದಕ್ಕೆ ಚಿಕ್ಕ ಸಂಕೇತ ಕೊಡುತ್ತದೆ. ಕನ್ನಡ ಪಠ್ಯಕ್ಕೆ ಇದು ದೊಡ್ಡ ಅನುಕೂಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಗುಣಿತ ಚಿಹ್ನೆಗೂ 3 ಬೈಟ್ ಬೇಕು. ಮೊದಲ ಬೈಟ್ ಎಲ್ಲಕ್ಕೂ ಒಂದೇ, ಎರಡನೆಯದು ಎರಡರಲ್ಲೊಂದು. ಈ ಪುನರಾವರ್ತನೆಯ ಭಾರವನ್ನು ಜಿಜಿಪ್ ಬಹುಮಟ್ಟಿಗೆ ಇಳಿಸಿಬಿಡುತ್ತದೆ. ಜೆಪೆಗ್ ಚಿತ್ರ, ವಿಡಿಯೊಗಳು ಮೊದಲೇ ಕುಗ್ಗಿರುವುದರಿಂದ ಅಲ್ಲಿ ಲಾಭ ಅತ್ಯಲ್ಪ.

ಕಮಾಂಡ್ ಲೈನ್‌ನಲ್ಲಿ ಎರಡೂ ಕೆಲಸ ಒಟ್ಟಿಗೇ ನಡೆಯುತ್ತವೆ. ‘ಟಾರ್’ ಎಂದು ಬರೆದು ‘ಸಿ’, ‘ಝಡ್’, ‘ಎಫ್’ ಎಂಬ ಇಂಗ್ಲಿಷ್ ಸಣ್ಣಕ್ಷರಗಳನ್ನು ಸೇರಿಸಿ, ಮೊದಲು ಹೊಸ ಕಟ್ಟಿನ ಹೆಸರು, ಆಮೇಲೆ ಫೋಲ್ಡರಿನ ಹೆಸರು ಕೊಡಬೇಕು. ‘ಸಿ’ ಕಟ್ಟು, ‘ಝಡ್’ ಜಿಜಿಪ್ ಬಳಸು, ‘ಎಫ್’ ಮುಂದಿನ ಹೆಸರೇ ಕಟ್ಟಿನದು ಎಂದರ್ಥ. ಈ ಕ್ರಮ ತಪ್ಪಬಾರದು. ಕಟ್ಟಿನ ಹೆಸರನ್ನು ಮರೆತು ಹಲವು ಕಡತಗಳನ್ನು ಪಟ್ಟಿಮಾಡಿದರೆ ಮೊದಲ ಕಡತವೇ ಅಳಿಸಿಹೋಗಿ ಅದರ ಜಾಗದಲ್ಲಿ ಕಟ್ಟು ಕೂರುತ್ತದೆ. ಜಿಜಿಪ್ ಅನ್ನು ಒಂಟಿಯಾಗಿ ಬಳಸುವಾಗಲೂ ಎಚ್ಚರ ಬೇಕು: ‘ಕೆ’ ಸೇರಿಸದಿದ್ದರೆ ಮೂಲ ಕಡತ ಉಳಿಯುವುದಿಲ್ಲ.

ಬಿಚ್ಚಲು ‘ಸಿ’ಯ ಬದಲು ‘ಎಕ್ಸ್’. ಅದಕ್ಕೆ ಮೊದಲು ‘ಟಿ’ ಹಾಕಿ ಒಳಗೇನಿದೆ ಎಂದು ನೋಡುವುದು ಒಳ್ಳೆಯ ಅಭ್ಯಾಸ. ಬೇರೆಯವರು ಕಳಿಸಿದ ಕಟ್ಟು ನೂರಾರು ಕಡತಗಳನ್ನು ಇದ್ದಲ್ಲೇ ಚೆಲ್ಲಬಹುದು. ದೊಡ್ಡಕ್ಷರದ ‘ಸಿ’ ಬಳಸಿ ಬೇರೆ ಫೋಲ್ಡರಿಗೆ ಬಿಚ್ಚಿದರೆ ಆ ಗೋಜಲು ತಪ್ಪುತ್ತದೆ.

ಇದಕ್ಕೆ ಹೋಲಿಸಿದರೆ, ಕಟ್ಟುವುದನ್ನೂ ಕುಗ್ಗಿಸುವುದನ್ನೂ ತಾನೇ ಮಾಡುವ ಜಿಪ್ ಪ್ರತಿ ಕಡತವನ್ನು ಬೇರೆಬೇರೆಯಾಗಿ ಕುಗ್ಗಿಸಿ, ಕೊನೆಯಲ್ಲಿ ಸೂಚಿ ಇಡುತ್ತದೆ. ಹಾಗಾಗಿ ನಡುವಿನ ಒಂದನ್ನೇ ತೆಗೆಯುವುದು ಸುಲಭ. ಟಾರ್ ಮತ್ತು ಜಿಜಿಪ್ ಜೋಡಿ ಇಡೀ ಕಟ್ಟನ್ನು ಒಂದೇ ಧಾರೆಯಾಗಿ ಕುಗ್ಗಿಸುವುದರಿಂದ ಒಂದೇ ಬಗೆಯ ಚಿಕ್ಕ ಕಡತಗಳಿದ್ದಾಗ ಹೆಚ್ಚು ಜಾಗ ಉಳಿಯುತ್ತದೆ, ಆದರೆ ಒಂದು ಕಡತ ಬೇಕಾದರೂ ಆರಂಭದಿಂದಲೇ ಬಿಚ್ಚುತ್ತ ಬರಬೇಕು.