ಅಳದ ಮಗುವನ್ನು ಮೊದಲು ನೋಡಿ

2016ರ ಜೂನ್ 21, ಮಂಗಳವಾರದ ಬೆಳಗು. ಕುಂದಾಪುರದಿಂದ ಬೈಂದೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ತ್ರಾಸಿ ಸಮೀಪದ ಮೊವಾಡಿ ಕ್ರಾಸ್ ಬಳಿ, ಶಾಲಾ ಮಕ್ಕಳನ್ನು ಕರೆದೊಯ್ಯುತ್ತಿದ್ದ ಓಮ್ನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಯಿತು. 8 ಮಕ್ಕಳು ಪ್ರಾಣ ಕಳೆದುಕೊಂಡರು. ಹಲವರು ಗಾಯಗೊಂಡರು. ಪುಸ್ತಕದ ಚೀಲ ಹೆಗಲಿಗೇರಿಸಿ ಹೊರಟ ಮಕ್ಕಳು ಸಂಜೆ ಮನೆಗೆ ಮರಳಲಿಲ್ಲ.

ಇಂಥ ದುರಂತಗಳಲ್ಲಿ ವೈದ್ಯರು ಬರುವ ಮೊದಲೇ ಮಕ್ಕಳ ಬಳಿ ಇರುವವರು ದಾರಿಹೋಕರು, ಅಂಗಡಿಯವರು, ರಿಕ್ಷಾ ಚಾಲಕರು, ಶಿಕ್ಷಕರು. ಜೋರಾಗಿ ಅಳುವ ಮಗುವಿನ ಕಡೆಗೇ ಅವರು ಮೊದಲು ಓಡುವುದು ಸಹಜ. ಆದರೆ ವೈದ್ಯವಿಜ್ಞಾನ ಹೇಳುವುದೇ ಬೇರೆ. ಅಳುವ ಮಗುವಿಗೆ ಉಸಿರಿದೆ, ಎಚ್ಚರವಿದೆ. ಮೊದಲು ನೋಡಬೇಕಾದದ್ದು ಸದ್ದಿಲ್ಲದೆ ಬಿದ್ದಿರುವ ಮಗುವನ್ನು.

ಮಕ್ಕಳ ಲೆಕ್ಕವೇ ಬೇರೆ

ಮಕ್ಕಳ ದೇಹದಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 80 ಮಿಲಿಲೀಟರ್ ರಕ್ತವಿರುತ್ತದೆ. 20 ಕಿಲೋ ತೂಗುವ ಒಂದನೇ ತರಗತಿಯ ಮಗುವಿನಲ್ಲಿ ಒಟ್ಟು ಎಷ್ಟಾಯಿತು? 1,600 ಮಿಲಿಲೀಟರ್. ರಕ್ತದಾನ ಶಿಬಿರದಲ್ಲಿ ದೊಡ್ಡವರಿಂದ ಸಾಮಾನ್ಯವಾಗಿ 350 ಮಿಲಿಲೀಟರ್ ತೆಗೆಯುತ್ತಾರೆ. ಕೊಟ್ಟವರು ಸ್ವಲ್ಪ ಹೊತ್ತು ಕುಳಿತು, ಚಹಾ ಕುಡಿದು ಮನೆಗೆ ಹೋಗುತ್ತಾರೆ. ಅಷ್ಟೇ ರಕ್ತ ಆ ಮಗುವಿನಿಂದ ಸೋರಿದರೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೋದಂತೆ.

ಇನ್ನೊಂದು ಅಪಾಯವೂ ಇದೆ. ರಕ್ತ ಹೋಗುತ್ತಿದ್ದರೂ ಮಗುವಿನ ಹೃದಯ ವೇಗವಾಗಿ ಬಡಿದು, ರಕ್ತನಾಳಗಳು ಕುಗ್ಗಿ, ರಕ್ತದ ಒತ್ತಡವನ್ನು ಬಹಳ ಹೊತ್ತು ಕಾಪಾಡುತ್ತವೆ. ಆಮೇಲೆ ಅದು ಒಮ್ಮೆಲೇ ಕುಸಿಯುತ್ತದೆ. ಬಿಳಿಚಿದ ಮುಖ, ತಣ್ಣಗಾದ ಕೈಕಾಲು, ಮಂಪರು ಇವು ಮುನ್ಸೂಚನೆಗಳು. ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ವಿಸ್ತಾರ ಹೆಚ್ಚು. ಹಾಗಾಗಿ ಮಳೆಯಲ್ಲಿ ನೆನೆದ ಮಗುವಿನ ಮೈ ಬೇಗ ತಣ್ಣಗಾಗುತ್ತದೆ. ಎದೆಗೂಡಿನ ಎಲುಬುಗಳು ಬಳುಕುವುದರಿಂದ, ಎಲುಬು ಮುರಿಯದೆಯೂ ಶ್ವಾಸಕೋಶಕ್ಕೆ ಪೆಟ್ಟಾಗಿರಬಹುದು.

ಐದು ಉಸಿರು

ಗಾಯಾಳುಗಳು ಹೆಚ್ಚು, ವೈದ್ಯರು ಕಡಿಮೆ ಇದ್ದಾಗ ಯಾರಿಗೆ ಮೊದಲು ಚಿಕಿತ್ಸೆ ಎಂದು ವಿಂಗಡಿಸುವ ಕ್ರಮಕ್ಕೆ 'ಟ್ರಯಾಜ್' ಎಂದು ಹೆಸರು. ತಕ್ಷಣ ಚಿಕಿತ್ಸೆ ಬೇಕಾದವರಿಗೆ ಕೆಂಪು ಪಟ್ಟಿ, ಸ್ವಲ್ಪ ಕಾಯಬಲ್ಲವರಿಗೆ ಹಳದಿ, ನಡೆಯಬಲ್ಲವರಿಗೆ ಹಸಿರು, ಉಳಿಸಲಾಗದವರಿಗೆ ಕಪ್ಪು. 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ರೂಪುಗೊಂಡ 'ಸ್ಟಾರ್ಟ್' ಪದ್ಧತಿಯಲ್ಲಿ, ಶ್ವಾಸದ ದಾರಿ ತೆರವು ಮಾಡಿದರೂ ಉಸಿರಾಡದವರಿಗೆ ಕಪ್ಪು ಪಟ್ಟಿ. ಮಕ್ಕಳಿಗೆ ಈ ನಿಯಮ ಹೊಂದದು ಎಂದು ಕಂಡ ವೈದ್ಯೆ ಡಾ. ಲೂ ರೋಮಿಗ್ 1995ರಲ್ಲಿ 'ಜಂಪ್‌ಸ್ಟಾರ್ಟ್' ಕ್ರಮವನ್ನು ರೂಪಿಸಿದರು.

ಕಾರಣ ಸರಳ. ಮಕ್ಕಳಲ್ಲಿ ಸಾಮಾನ್ಯವಾಗಿ ಮೊದಲು ಉಸಿರು ನಿಲ್ಲುತ್ತದೆ, ಹೃದಯ ನಿಲ್ಲುವುದು ಆಮೇಲೆ. ನಡುವೆ ಸ್ವಲ್ಪ ಅವಕಾಶ ಉಳಿದಿರುತ್ತದೆ. ಆದ್ದರಿಂದ ಉಸಿರಿಲ್ಲದಿದ್ದರೂ ನಾಡಿ ಸಿಗುವ ಮಗುವಿಗೆ ತರಬೇತಾದವರು 5 ಸಲ ಉಸಿರು ಊದಿ ನೋಡುತ್ತಾರೆ. ಉಸಿರು ಮರಳಿದರೆ ಕೆಂಪು ಪಟ್ಟಿ, ತಕ್ಷಣ ಚಿಕಿತ್ಸೆ. ಕಪ್ಪಿಗೂ ಕೆಂಪಿಗೂ ನಡುವೆ ಇರುವುದು ಬರೀ ಐದು ಉಸಿರು!

ಸ್ಥಳದಲ್ಲಿದ್ದವರ ಕೆಲಸ

ಮೊದಲು 108ಕ್ಕೆ ಕರೆ ಮಾಡಿ, ಗಾಯಗೊಂಡವರೆಷ್ಟು, ಅವರಲ್ಲಿ ಮಕ್ಕಳೆಷ್ಟು ಎಂದು ತಿಳಿಸಬೇಕು. ಒಂದೇ ಆಂಬುಲೆನ್ಸು ಬಂದರೆ ಸಾಲದು. ರಕ್ತ ಸುರಿಯುವಲ್ಲಿ ಶುಭ್ರ ಬಟ್ಟೆಯಿಟ್ಟು ಬಿಗಿಯಾಗಿ ಒತ್ತಿ ಹಿಡಿಯಬೇಕು. ಎಚ್ಚರ ತಪ್ಪಿದ ಮಗುವಿನ ಕತ್ತನ್ನು ತಿರುಚದೆ, ಕೆಳದವಡೆಯನ್ನು ಮೆಲ್ಲಗೆ ಮುಂದಕ್ಕೆ ತಂದರೆ ನಾಲಿಗೆ ಸರಿದು ಉಸಿರಿಗೆ ದಾರಿಯಾಗುತ್ತದೆ. ಬಾಯಿಗೆ ನೀರು ಹಾಕಬಾರದು. ಒಣಬಟ್ಟೆ ಹೊದಿಸಬೇಕು. ಮಗುವನ್ನು ಮಡಚಿ ರಿಕ್ಷಾದಲ್ಲಿ ತುರುಕಬಾರದು.

ನಡೆಯಬಲ್ಲ ಮಕ್ಕಳನ್ನು ಒಬ್ಬ ಶಿಕ್ಷಕರ ಜೊತೆ ಸುರಕ್ಷಿತ ಜಾಗದಲ್ಲಿ ಕೂರಿಸಬೇಕು. ಅವರ ಮೇಲೂ ಕಣ್ಣಿರಲಿ, ಯಾರಾದರೂ ಮಂಕಾದರೆ ಕೂಡಲೇ ತಿಳಿಸಬೇಕು. ತರಚುಗಾಯದವರೇ ಮೊದಲು ಬಂದು ತಾಲೂಕು ಆಸ್ಪತ್ರೆಯನ್ನು ತುಂಬಿದರೆ, ಪ್ರಾಣಾಪಾಯದಲ್ಲಿರುವ ಮಗು ಬಂದಾಗ ಕೈ ಖಾಲಿ ಇರುವ ವೈದ್ಯರು ಸಿಗುವುದಿಲ್ಲ. ಬ್ರಹ್ಮಾವರದವರಿಗೆ ಮಣಿಪಾಲದ ದೊಡ್ಡ ಆಸ್ಪತ್ರೆ ಹತ್ತಿರ. ಬೈಂದೂರಿನವರಿಗೆ ಅದು 60 ಕಿಲೋಮೀಟರಿಗೂ ದೂರ. ದಾರಿ ಉದ್ದವಾದಷ್ಟೂ ಸ್ಥಳದಲ್ಲಿ ಮಾಡಿದ ಆರೈಕೆಯ ಬೆಲೆ ಹೆಚ್ಚುತ್ತದೆ.

ಪೊಲೀಸ್, ಕೋರ್ಟು ಎಂದು ಹಿಂಜರಿಯಬೇಕಾಗಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ, ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡಿದೆ.

ಮನೆಯಲ್ಲೂ ಒಂದು ಕೆಲಸವಿದೆ. ಗಾಯಗೊಂಡು ಹೆದರಿದ ಮಗು ತನ್ನ ಹೆಸರನ್ನೂ ಹೇಳಲಾರದು. ಗುರುತಿನ ಚೀಟಿಯಲ್ಲಿ ಹೆಸರು, ತಂದೆತಾಯಿಯ ಫೋನ್ ಸಂಖ್ಯೆ, ರಕ್ತದ ಗುಂಪು, ಆಗದ ಔಷಧಿ ಇವುಗಳನ್ನು ಇವತ್ತೇ ಬರೆದಿಡಿ. ಪ್ರತಿ ಜೂನ್‌ನಲ್ಲಿ ಪಾಠ ಶುರುವಾಗುವಾಗ ಶಾಲೆಗಳು ಪ್ರಥಮ ಚಿಕಿತ್ಸೆಗೆಂದು ಒಂದು ಗಂಟೆ ಮೀಸಲಿಡಲಿ. ಬೇರೇನು ಮರೆತರೂ ಒಂದು ಮಾತು ನೆನಪಿರಲಿ: ಗದ್ದಲದ ನಡುವೆ ಸುಮ್ಮನಿರುವ ಮಗು ಯಾವುದು, ಮೊದಲು ಹುಡುಕಿ.