ಹೆಂಚಿನ ಕೆಂಪಿನೊಳಗೊಂದು ಜೇನುಗೂಡು

ಪಾರಿಶ್ವಾಡದ ಹಳೆಯ ಮನೆಗಳ ಹೆಂಚಿಗೆ ಆ ಕೆಂಪು ಬರುವುದು ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡಿನಿಂದ. ಕುಂಬಾರಿಕೆಗೆ ಹೆಸರಾದ ಖಾನಾಪುರ ಸೀಮೆಗೆ ಈ ಕೆಂಪು ಹೊಸದಲ್ಲ. ಆದರೆ ಅದರ ಹರಳಿನೊಳಗೆ ಕಬ್ಬಿಣದ ಪರಮಾಣುಗಳು ಜೇನುಗೂಡಿನ ಹೆಣಿಗೆಯಲ್ಲಿ, ಕೊಂಚ ಏರುತಗ್ಗಾದ ಷಟ್ಕೋನ ಪದರಗಳಾಗಿ ಕೂತಿವೆ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ.

ಆವಿಗೆಯ ಬೆಂಕಿಯಲ್ಲಿ ಆ ಪರಮಾಣುಗಳ ಸ್ಪಿನ್‌ಗಳು, ಅಂದರೆ ಪುಟಾಣಿ ಕಾಂತಗಳು, ದಿಕ್ಕುಗೆಟ್ಟಿರುತ್ತವೆ. ಹೆಂಚು ಆರುತ್ತಾ ಸುಮಾರು 680 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಶಿಸ್ತು ಮೂಡುತ್ತದೆ: ಒಂದು ಪದರದ ಸ್ಪಿನ್‌ಗಳೆಲ್ಲ ಒಂದು ಕಡೆಗೆ, ಮುಂದಿನ ಪದರದವು ಅದರ ಎದುರಿಗೆ. ಈ ಎದುರುಬದುರು ನಿಲುವು ತುಸು ಓರೆಯಾಗಿರುವುದರಿಂದ ಚೂರು ಕಾಂತತ್ವ ಉಳಿಯುತ್ತದೆ. ಸುಟ್ಟ ದಿನದ ಭೂಕಾಂತದ ದಿಕ್ಕು ಅದರಲ್ಲಿ ದಾಖಲಾಗುತ್ತದೆ. ಪುರಾತತ್ವಜ್ಞರು ಹಳೆಯ ಮಡಕೆ, ಒಲೆಗಳ ಕಾಲ ಅಳೆಯುವುದಕ್ಕೆ ಇದೂ ಒಂದು ದಾರಿ.

ಹೆಮಟೈಟಿನ ಸ್ಪಿನ್ ದೊಡ್ಡದು, 5/2. ಅದು ಸುಲಭಕ್ಕೆ ಅಲುಗದು.

ಸ್ಪಿನ್ 1/2 ಆದರೆ ಕಥೆಯೇ ಬೇರೆ. ಶೂನ್ಯ ಕೆಲ್ವಿನ್‌ನಲ್ಲೂ ಕ್ವಾಂಟಮ್ ಏರಿಳಿತ ನಿಲ್ಲುವುದಿಲ್ಲ. ಜೇನುಗೂಡಿನಲ್ಲಿ ಪ್ರತಿ ಸ್ಪಿನ್‌ಗೆ ಹತ್ತಿರದ ನೆರೆಯವರು ಮೂವರೇ. ಹಿಡಿದು ನಿಲ್ಲಿಸುವ ಕೈಗಳು ಕಡಿಮೆ. ನೆರೆಯವರೆಲ್ಲ ಎದುರುಬದುರಾಗಿ ನಿಲ್ಲಬೇಕಾದ ಸರಳ ಮಾದರಿಯಲ್ಲೇ ಶಿಸ್ತು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎರಡನೇ ಸುತ್ತಿನ ನೆರೆಯವರೂ ವಿರುದ್ಧ ದಿಕ್ಕಿಗೆ ಜಗ್ಗಿದರೆ ಯಾರ ಮಾತನ್ನೂ ಪೂರ್ತಿ ನಡೆಸಲಾಗದ ಇಕ್ಕಟ್ಟು. ಭೌತವಿಜ್ಞಾನಿಗಳು ಇದನ್ನೇ ಫ್ರಸ್ಟ್ರೇಷನ್ ಎನ್ನುತ್ತಾರೆ. ಆ ಜಗ್ಗಾಟ ಮೊದಲ ಸುತ್ತಿನ ಬಲದ ಆರನೇ ಒಂದು ಭಾಗ ಮೀರಿತೆಂದರೆ, ಕ್ವಾಂಟಮ್ ಏರಿಳಿತ ಸೇರಿಸದ ಹಳೆಯ ಲೆಕ್ಕದ ಪ್ರಕಾರ, ಸಮಾನ ಶಕ್ತಿಯ ಅಸಂಖ್ಯ ಸುರುಳಿ ವಿನ್ಯಾಸಗಳು ಎದುರಾಗುತ್ತವೆ. ಯಾವುದನ್ನು ಆರಿಸುವುದು? ಆರಿಸುವುದು ಏರಿಳಿತವೇ ಎಂದು ಆರ್. ಗಣೇಶ್, ಅರುಣ್ ಪರಮೇಕಾಂತಿ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು. ಶಿಸ್ತು ಕೆಡಿಸುವ ಶಕ್ತಿಯೇ ಶಿಸ್ತು ಕಟ್ಟುವುದು! ಈ ವಿಷಯದಲ್ಲಿ ಇದಕ್ಕಿಂತ ಸೊಗಸಾದ ಮಾತು ಇನ್ನೊಂದಿಲ್ಲ.

ಪ್ರಯೋಗಶಾಲೆಯ ಜೇನುಗೂಡು ಹರಳುಗಳು ಇನ್ನೂ ಹಟಮಾರಿ. ಬಿಸ್ಮತ್ ಮ್ಯಾಂಗನೀಸ್ ಆಕ್ಸಿನೈಟ್ರೇಟ್ 0.4 ಕೆಲ್ವಿನ್‌ವರೆಗೆ ತಣಿಸಿದರೂ ಶಿಸ್ತಿಗೆ ಬರುವುದಿಲ್ಲ. ಬಲವಾದ ಕಾಂತಕ್ಷೇತ್ರ ಕೊಟ್ಟರೆ ಬರುತ್ತದೆ. ರುಥೇನಿಯಂ ಕ್ಲೋರೈಡ್ ತದ್ವಿರುದ್ಧ: ಸುಮಾರು 7 ಕೆಲ್ವಿನ್‌ನಲ್ಲಿ ಅಂಕುಡೊಂಕು ಸಾಲುಗಳಾಗಿ ನಿಲ್ಲುವ ಸ್ಪಿನ್‌ಗಳು, ಪದರದ ಗುಂಟ ಏಳೆಂಟು ಟೆಸ್ಲಾ ಕ್ಷೇತ್ರ ಬಿದ್ದರೆ ಚದುರುತ್ತವೆ. ಆಮೇಲೆ ಉಳಿಯುವುದು, ಅಲೆಕ್ಸಿ ಕಿಟಾಯೆವ್ 2006ರಲ್ಲಿ ಲೆಕ್ಕ ಬಿಡಿಸಿದ, ಜಿ. ಬಾಸ್ಕರನ್, ಆರ್. ಶಂಕರ್ ಮತ್ತು ಸಪ್ತರ್ಷಿ ಮಂಡಲ್ 2007ರಲ್ಲಿ ಮುಂದುವರಿಸಿದ, ಸ್ಪಿನ್‌ಗಳು ಎಷ್ಟು ತಣಿಸಿದರೂ ಸಾಲುಗಟ್ಟದ ‘ಸ್ಪಿನ್ ದ್ರವ’ವೇ? 2018ರಲ್ಲಿ ಕ್ಯೋಟೋ ತಂಡ ಶಾಖದ ಹರಿವು ಅಳೆದು ಹೌದೆಂಬ ಸುಳಿವು ಕೊಟ್ಟಿತು. ಬೇರೆ ತಂಡಗಳ ಅಳತೆ ಅದಕ್ಕೆ ತಾಳೆಯಾಗದೆ ವಾದ ನಡೆದೇ ಇದೆ.