ಮುಳುಗುವ ಮುನ್ನ ಮರಳುವ ಪಾಠ

ಗವಿಯೊಳಗೆ ತೆವಳಿಕೊಂಡು ಹೋಗುವುದು ನಮ್ಮ ಭಾಗದವರಿಗೆ ಹೊಸದೇನಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಕವಳಾ ಗುಹೆಗೆ ಶಿವರಾತ್ರಿಯಂದು ದಾಂಡೇಲಿ, ಹಳಿಯಾಳ, ಜೋಯಿಡಾದ ಜನ ಸಾಲುಗಟ್ಟುತ್ತಾರೆ. ನೂರಾರು ಮೆಟ್ಟಿಲಿಳಿದು, ಮಂಡಿಯೂರಿ, ಮೈ ಕುಗ್ಗಿಸಿಕೊಂಡು ಒಳಸೇರಿ, ಸುಣ್ಣದ ನೀರು ತೊಟ್ಟಿಕ್ಕಿ ತಾನಾಗಿ ಮೂಡಿದ ಲಿಂಗಕ್ಕೆ ಕೈಮುಗಿದು ಬರುತ್ತಾರೆ. ಉಳವಿ ಜಾತ್ರೆಗೆ ಹೋದವರೂ ಅಲ್ಲಿನ ಗವಿಗಳಲ್ಲಿ ಇಣುಕದೆ ಬರುವುದು ಕಡಿಮೆ. ಇನ್ನು ನೀರೂ ಅಷ್ಟೇ ಪರಿಚಿತ. ಗಣೇಶಗುಡಿಯಲ್ಲಿ ರ‍್ಯಾಫ್ಟಿಂಗ್ ಇದೆ. ಇದೇ ಜಿಲ್ಲೆಯ ಮುರ್ಡೇಶ್ವರದಿಂದ ದೋಣಿ ಹತ್ತಿದರೆ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಇದೆ. ಆದರೆ ಗವಿಯೂ ನೀರೂ ಒಂದೇ ಕಡೆ ಸೇರಿದರೆ, ಅದೂ ಮೂಳೆ ಕೊರೆಯುವಷ್ಟು ತಣ್ಣಗಿದ್ದರೆ? ಚಾವಣಿಯವರೆಗೆ ನೀರು ತುಂಬಿದ ಗವಿಯಲ್ಲಿ ಹೋಗಿ ಬರುವ ಈ ಕಸುಬಿನ ಹೆಸರು ಕೇವ್ ಡೈವಿಂಗ್. ಹೋಗುವುದಕ್ಕಿಂತ ಬರುವುದನ್ನೇ ಹೆಚ್ಚು ಕಲಿಸುವ ವಿದ್ಯೆ ಇದು.

2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುಆಂಗ್ ಗವಿಯಲ್ಲಿ 12 ಹುಡುಗರೂ ಅವರ ಫುಟ್‌ಬಾಲ್ ಕೋಚ್ ಕೂಡ ಸಿಕ್ಕಿಬಿದ್ದಾಗ ಈ ಹೆಸರು ಟಿವಿ ಇದ್ದ ಮನೆಮನೆಗೂ ತಲುಪಿತು. ಜುಲೈ 2ರಂದು ಅವರನ್ನು ಮೊದಲು ಕಂಡ ರಿಕ್ ಸ್ಟ್ಯಾಂಟನ್ ಮತ್ತು ಜಾನ್ ವೊಲಾಂಥನ್ ಸೈನಿಕರಲ್ಲ, ಸಂಬಳದ ಡೈವರ್‌ಗಳೂ ಅಲ್ಲ. ಒಬ್ಬರು ಅಗ್ನಿಶಾಮಕ ದಳದಿಂದ ನಿವೃತ್ತರಾದವರು, ಇನ್ನೊಬ್ಬರು ಕಂಪ್ಯೂಟರ್ ಕೆಲಸದವರು. ಇಬ್ಬರೂ ಬ್ರಿಟನ್ನಿನ ತಣ್ಣನೆಯ, ಇಕ್ಕಟ್ಟಿನ ಗವಿಗಳಲ್ಲಿ ಹವ್ಯಾಸಕ್ಕೆಂದು ಪಳಗಿದವರು. ಆ ಗವಿಯ ನೀರನ್ನು ಹೊರಹಾಕಲು ನೆರವಾದವರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಕಂಪನಿಯ ತಂತ್ರಜ್ಞರೂ ಇದ್ದರು. ಹಳಿಯಾಳದಿಂದ ಅಷ್ಟೇನೂ ದೂರವಲ್ಲದ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ತೆರೆದ ಸೈಕಲ್ ಅಂಗಡಿಯೇ ಆ ಕಂಪನಿಯ ಮೂಲ.

ಸೈಕಲ್ಲಿಗೂ ಈ ವಿದ್ಯೆಗೂ ಇನ್ನೊಂದು ನಂಟಿದೆ. ಇಂಗ್ಲೆಂಡಿನ ಮೆಂಡಿಪ್ ಗುಡ್ಡಗಳಲ್ಲಿ ಸ್ವಿಲ್ಡನ್ಸ್ ಹೋಲ್ ಎಂಬ ಗವಿಯಿದೆ. ಅದರ ಹಾದಿ ಒಂದೆಡೆ ಪೂರ್ತಿ ನೀರಿನಲ್ಲಿ ಮುಳುಗಿ ಮುಂದೆ ಹೋಗದಂತಾಗಿತ್ತು. ಅಂಚೆ ಇಲಾಖೆಯ ಎಂಜಿನಿಯರ್‌ಗಳಾದ ಗ್ರಹಾಂ ಬಾಲ್ಕೂಂಬ್ ಮತ್ತು ಜ್ಯಾಕ್ ಶೆಪರ್ಡ್ 1934ರಲ್ಲಿ ಸಿಡಿಮದ್ದನ್ನೂ ಇಟ್ಟು ನೋಡಿದರು, ಬಂಡೆ ಜಗ್ಗಲಿಲ್ಲ. ಆಮೇಲೆ ಲೇಡೀಸ್ ಸೈಕಲ್ಲಿನ ಚೌಕಟ್ಟಿಗೆ ತೋಟಕ್ಕೆ ನೀರು ಬಿಡುವ ಪೈಪ್ ಜೋಡಿಸಿ ಉಸಿರಾಟದ ಯಂತ್ರವೊಂದನ್ನು ತಾವೇ ಮಾಡಿಕೊಂಡರು. ಶೆಪರ್ಡ್ ಆ ನೀರನ್ನು ದಾಟಿದ್ದು 1936ರಲ್ಲಿ. ಅದಕ್ಕೂ ಮೊದಲೇ, 1935ರಲ್ಲಿ, ಪಕ್ಕದ ವೂಕಿ ಹೋಲ್ ಗವಿಯಲ್ಲಿ ಹಡಗುಕಟ್ಟೆಯ ಡೈವರ್‌ಗಳು ತೊಡುವ ತಾಮ್ರದ ಶಿರಸ್ತ್ರಾಣ, ಸೀಸದ ಬೂಟು ಹಾಕಿಕೊಂಡು ಈ ತಂಡ ನದಿಯ ತಳದಲ್ಲಿ ನಡೆದಾಡಿತ್ತು. ತಂಡದಲ್ಲಿ ಪೆನೆಲೊಪಿ ಪೊವೆಲ್ ಎಂಬ ಮಹಿಳೆಯೂ ಇದ್ದರು. 1946ರಲ್ಲಿ ಬಾಲ್ಕೂಂಬ್ ಕಟ್ಟಿದ ಕೇವ್ ಡೈವಿಂಗ್ ಗ್ರೂಪ್ ಇಂದಿಗೂ ಇದೆ. ಅಲ್ಲಿ ಶುಲ್ಕ ಕಟ್ಟಿ ವಾರದಲ್ಲಿ ಸರ್ಟಿಫಿಕೇಟ್ ಪಡೆಯುವ ಪದ್ಧತಿಯಿಲ್ಲ. ಬರುವವರಿಗೆ ಒಣ ಗವಿಯಲ್ಲಿ ಓಡಾಡಿ ರೂಢಿಯಿರಬೇಕು. ಆಮೇಲೆ ಅನುಭವಿಗಳ ಕೈಕೆಳಗೆ ಪಳಗಬೇಕು.

ಅಮೆರಿಕದ ಫ್ಲಾರಿಡಾದಲ್ಲಿ ದಾರಿ ತಿರುವುಮುರುವು. ಅಲ್ಲಿ ಸಮುದ್ರದಲ್ಲಿ ಡೈವಿಂಗ್ ಕಲಿತವರು ಗವಿಗೆ ಬರುತ್ತಾರೆ. ಬ್ರಿಟನ್ನಿನಲ್ಲಿ ಗವಿ ಬಲ್ಲವರು ನೀರಿಗೆ ಇಳಿಯುತ್ತಾರೆ. ಫ್ಲಾರಿಡಾದವರು ಜೋಡಿಯಾಗಿ ಈಜುತ್ತಾರೆ. ಸಂಗಾತಿಯ ಗಾಳಿ ಮುಗಿದರೆ ಕೊಡಲೆಂದು ಎರಡು ಮೀಟರ್ ಉದ್ದದ ಕೊಳವೆ ಇರುತ್ತದೆ. ಬ್ರಿಟನ್ನಿನ ಇಕ್ಕಟ್ಟಿನಲ್ಲಿ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗವೇ ಇಲ್ಲ. ಹಾಗಾಗಿ ಎರಡು ಮಗ್ಗುಲಿಗೂ ಒಂದೊಂದು ಸಿಲಿಂಡರ್, ಒಂದೊಂದಕ್ಕೂ ಉಸಿರೆಳೆಯಲು ಬೇರೆ ರೆಗ್ಯುಲೇಟರ್, ಎರಡನೆಯದೇ ಸಂಗಾತಿ. ಯಾವುದು ಮೇಲೆಂಬ ಜಗಳ ಅವರವರಲ್ಲಿ ಇದ್ದೇ ಇದೆ. ಕವಳಾದಲ್ಲಿ ತೆವಳಿ ಬೆಳೆದ ನಮ್ಮವರಿಗೆ ಬ್ರಿಟನ್ನಿನ ದಾರಿಯೇ ಹತ್ತಿರ ಎಂದು ನನಗನಿಸುತ್ತದೆ. ಕತ್ತಲೆ, ಇಕ್ಕಟ್ಟು ಎಂದರೆ ಎದೆ ಹೊಡೆದುಕೊಳ್ಳುವವರಿಗೆ ಅದನ್ನು ನೀರಿನಡಿ ಕಲಿಸುವುದು ತೀರಾ ಕಷ್ಟ.

ಹೊಸಬರ ಮೊದಲ ಪಾಠ ನಡೆಯುವುದು ಒಣ ನೆಲದ ಮೇಲೆ, ಮರಗಳ ನಡುವೆ. ಕೈಯಲ್ಲಿ ತೆಳ್ಳನೆಯ ನೈಲಾನ್ ದಾರದ ರೀಲ್. ಒಂದು ಮರಕ್ಕೆ ಕಟ್ಟಿ, ಇನ್ನೊಂದಕ್ಕೆ ಸುತ್ತಿ, ಸಡಿಲಾಗದಂತೆ ದಾರ ಬಿಡುತ್ತಾ ಹೋಗಬೇಕು. ಆಮೇಲೆ ಕಣ್ಣು ಮುಚ್ಚಿ ಅದೇ ದಾರ ಹಿಡಿದು ವಾಪಸಾಗಬೇಕು. ಹಿಡಿಯುವುದಕ್ಕೂ ಕ್ರಮವಿದೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ ದಾರ ಅದರೊಳಗೆ ಜಾರುವಂತೆ ಬಿಡಬೇಕು. ಎಳೆಯುವಂತಿಲ್ಲ, ಜಗ್ಗಿದರೆ ಎಲ್ಲೋ ಬಂಡೆಯ ಸಂದಿಗೆ ಸಿಕ್ಕಿಕೊಂಡೀತು. ದಾರದ ಮೇಲೆ ಅಲ್ಲಲ್ಲಿ ಬಾಣದಾಕಾರದ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ತುದಿ ಯಾವ ಕಡೆಗಿದೆಯೆಂದು ಬೆರಳಿಂದ ಮುಟ್ಟಿ ನೋಡಿದರೆ ಹೊರಬಾಗಿಲು ಯಾವ ಕಡೆಗೆಂದು ಗೊತ್ತಾಗುತ್ತದೆ. ಇಷ್ಟೆಲ್ಲ ಕುರುಡಾಟ ಯಾಕೆಂದರೆ ಗವಿಯ ತಳದಲ್ಲಿ ವರ್ಷಗಳಿಂದ ಕೂತ ಹೂಳು ಫಿನ್ನಿನ ಒಂದೇ ಬಡಿತಕ್ಕೆ ಎದ್ದು ನೀರೆಲ್ಲ ರಾಡಿಯಾಗುತ್ತದೆ. ಆಗ ಮೂರು ಟಾರ್ಚ್ ಇದ್ದರೂ (ಮೂರು ಇರಲೇಬೇಕು) ಪ್ರಯೋಜನವಿಲ್ಲ. ಕಪ್ಪೆ ಕಾಲು ಬಿಟ್ಟಂತೆ, ನೀರನ್ನು ಕೆಳಗೆ ತಳ್ಳದೆ ಹಿಂದಕ್ಕೆ ಮಾತ್ರ ತಳ್ಳಿ ಈಜುವುದನ್ನು ಕಲಿಸುವುದೂ ಅದಕ್ಕೇ.

ಗಾಳಿಯ ಲೆಕ್ಕ ಸುಲಭ, ಪಾಲಿಸುವುದು ಕಷ್ಟ. ಸಿಲಿಂಡರಿನಲ್ಲಿ 210 ಬಾರ್ ಒತ್ತಡವಿದ್ದರೆ 70 ಹೋಗಲಿಕ್ಕೆ, 70 ಬರಲಿಕ್ಕೆ, 70 ಆಪತ್ತಿಗೆ. ಮುಳ್ಳು 140ಕ್ಕೆ ಬಂತೆಂದರೆ ಮುಂದೆ ಎಷ್ಟೇ ಚೆಂದದ ಕೋಣೆ ಕಾಣುತ್ತಿದ್ದರೂ ತಿರುಗಬೇಕು. ಫ್ಲಾರಿಡಾದ ಶೆಕ್ ಎಕ್ಸ್‌ಲಿ ಗವಿಗಳಲ್ಲಾದ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 1979ರಲ್ಲಿ ಸಣ್ಣ ಕೈಪಿಡಿ ಬರೆದರು. ಹೊರಬಾಗಿಲವರೆಗೆ ದಾರ ಇಲ್ಲದ್ದು, ಮೂರರಲ್ಲೊಂದು ಪಾಲಿನ ಲೆಕ್ಕ ಮೀರಿದ್ದು, ಮಿತಿಮೀರಿ ಆಳಕ್ಕಿಳಿದದ್ದು: ಬಹುಪಾಲು ಸಾವುಗಳು ಈ ಮೂರರಲ್ಲೇ ಬಂದವು. ಅದೇ ಎಕ್ಸ್‌ಲಿ 1994ರಲ್ಲಿ ಮೆಕ್ಸಿಕೋದ ಸಕಟೋನ್ ಎಂಬ ಪಾತಾಳಗುಂಡಿಯಲ್ಲಿ ಆಳದ ದಾಖಲೆಗೆ ಇಳಿದು ಜೀವಂತ ಮೇಲೆ ಬರಲಿಲ್ಲ.

ತಣ್ಣೀರು ಈ ಲೆಕ್ಕವನ್ನೆಲ್ಲ ಬಿಗಿ ಮಾಡುತ್ತದೆ. ಗವಿಯ ನೀರು ಸಾಮಾನ್ಯವಾಗಿ ಆ ಊರಿನ ವರ್ಷದ ಸರಾಸರಿ ಉಷ್ಣಾಂಶದಲ್ಲಿರುತ್ತದೆ. ಹಾಗಾಗಿ ಫ್ಲಾರಿಡಾದಲ್ಲಿ 20ರಿಂದ 22 ಡಿಗ್ರಿ, ಬ್ರಿಟನ್ನಿನಲ್ಲಿ 10 ಡಿಗ್ರಿಯ ಆಸುಪಾಸು. ಗಾಳಿಗಿಂತ ನೀರು ಮೈಯ ಬಿಸಿಯನ್ನು ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಮೈ ನಡುಗಿದರೆ ಉಸಿರು ಜಾಸ್ತಿ, ಉಸಿರು ಜಾಸ್ತಿಯಾದರೆ 140ರ ಮುಳ್ಳು ಬೇಗ. ಬೆರಳು ಮರಗಟ್ಟಿದರೆ ಗಂಟು ಬಿಚ್ಚಲಾಗದು. ದಪ್ಪ ಗ್ಲೌಸ್ ಹಾಕಿದರೆ ದಾರ ಸಿಕ್ಕಿದ್ದೇ ತಿಳಿಯದು. ನೀರು ಒಳಬರದ ಡ್ರೈಸೂಟ್ ತೊಟ್ಟರೆ ಅದರದ್ದೇ ಬೇರೆ ಪಜೀತಿ. ಒಳಗಿನ ಗಾಳಿಯೆಲ್ಲ ಕಾಲಿಗೆ ಸೇರಿತೆಂದರೆ ಹೊಸಬರು ತಲೆ ಕೆಳಗಾಗಿ ಚಾವಣಿಗೆ ಅಂಟಿಕೊಳ್ಳುತ್ತಾರೆ. ಹಾಗಾದಾಗ ಮೈ ಮುದುಡಿ ಉರುಳಿ ನೇರವಾಗುವುದನ್ನು ಮೊದಲು ಕೊಳದಲ್ಲೇ ಮತ್ತೆ ಮತ್ತೆ ಮಾಡಿಸುತ್ತಾರೆ. ಇನ್ನೊಂದು ಕಾಟ ರೆಗ್ಯುಲೇಟರ್ ಹೆಪ್ಪುಗಟ್ಟುವುದು. ಲಾರಿ ಟೈರಿನ ಗಾಳಿ ಬಿಟ್ಟಾಗ ವಾಲ್ವಿನ ಬಾಯಿ ತಣ್ಣಗಾಗುತ್ತದಲ್ಲ, ಹಾಗೆಯೇ ಸಿಲಿಂಡರಿನ ಗಾಳಿ ಹಿಗ್ಗುತ್ತಾ ಹೊರಬರುವಾಗ ಲೋಹ ತಣಿಯುತ್ತದೆ. ಸುತ್ತಲ ನೀರೂ ಕೊರೆಯುತ್ತಿದ್ದರೆ ಅಲ್ಲೇ ಮಂಜು ಕಟ್ಟಿ, ವಾಲ್ವ್ ತೆರೆದಂತೆಯೇ ಉಳಿದು ಗಾಳಿ ಭುಸುಗುಟ್ಟುತ್ತಾ ಸೋರಿಹೋಗುತ್ತದೆ. ಆ ಸದ್ದಿಗೆ ಗಾಬರಿಯಾಗದೆ, ಅದರ ವಾಲ್ವ್ ಮುಚ್ಚಿ ಇನ್ನೊಂದರಿಂದ ಉಸಿರಾಡುತ್ತಾ ಹೊರಬರಬೇಕು.

ರಾಡಿ ನೀರಿನ ಡೈವಿಂಗ್ ಎಂದರೇನೆಂದು ನಮ್ಮ ಜಿಲ್ಲೆ ಕಂಡಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ನೌಕಾಪಡೆಯವರು, ಮಲ್ಪೆಯ ಮುಳುಗುತಜ್ಞ ಈಶ್ವರ ಮಲ್ಪೆ ಮತ್ತಿತರರು ಕಾಣೆಯಾದವರಿಗಾಗಿ ಗಂಗಾವಳಿ ನದಿಯ ಸೆಳೆತದಲ್ಲಿ ಹುಡುಕಾಡಿದರು. ಅಲ್ಲಿ ಕೆಟ್ಟರೂ ತಲೆಯ ಮೇಲೆ ಆಕಾಶವಿತ್ತು. 2018ರ ಡಿಸೆಂಬರಿನಲ್ಲಿ ಮೇಘಾಲಯದ ಕ್ಸಾನ್‌ನಲ್ಲಿ ನೀರು ನುಗ್ಗಿದ ಕಲ್ಲಿದ್ದಲು ಗಣಿಗೆ ನೌಕಾಪಡೆಯ ಡೈವರ್‌ಗಳು ಇಳಿದಾಗ ಅದೂ ಇರಲಿಲ್ಲ. ಇಲಿಬಿಲದಂಥ ಅಡ್ಡ ಸುರಂಗಗಳೊಳಗೆ ಮನುಷ್ಯರು ದೂರ ಹೋಗಲಾಗದೆ ಕೊನೆಗೆ ಯಂತ್ರವನ್ನು ಬಿಟ್ಟು ಹುಡುಕಬೇಕಾಯಿತು.

ದಾಂಡೇಲಿಯ ಹುಡುಗಿಗೋ ಹುಡುಗನಿಗೋ ಇದರ ಹುಚ್ಚು ಹತ್ತಿದರೆ ಶುರು ಮಾಡಬೇಕಾದದ್ದು ಗವಿಯಿಂದಲ್ಲ, ಡಾಕ್ಟರಿಂದ. ಕಿವಿ, ಸೈನಸ್, ಆಸ್ತಮಾ ಪರೀಕ್ಷೆಯಾಗಲಿ. ನೇತ್ರಾಣಿಯಲ್ಲಿ ಬೋಧಕರು ಕೈಹಿಡಿದು ಮುಳುಗಿಸಿ, ಮೀನಿನ ಜತೆ ಫೋಟೊ ತೆಗೆಸಿ ಕಳಿಸುವ ಅರ್ಧ ದಿನದ ಡೈವ್ ಕಲಿಕೆಯಲ್ಲ. 18 ಮೀಟರ್‌ವರೆಗೆ ಇಳಿಯಲು ಅರ್ಹತೆ ಕೊಡುವ ಓಪನ್ ವಾಟರ್ ಕೋರ್ಸ್ ಬೇರೆಯೇ ಇದೆ. ಅದಾದ ಮೇಲೆ ಸಮುದ್ರದಲ್ಲಿ ಹತ್ತಾರು ಡೈವ್, ಆಮೇಲೆ ಡ್ರೈಸೂಟ್ ಕೋರ್ಸ್, ಆಮೇಲೆ ಹಗಲ ಬೆಳಕು ಕಾಣುವಷ್ಟೇ ಒಳಗೆ ಹೋಗುವ ಕ್ಯಾವರ್ನ್ ಕೋರ್ಸ್. ಕತ್ತಲೆಯ ಭಾಗ ಬರುವುದು ಅದರಾಚೆ. ಡ್ರೈಸೂಟಿನಿಂದ ಮುಂದಿನದಕ್ಕೆಲ್ಲ ಪರದೇಶಕ್ಕೆ ಹೋಗುವ ಖರ್ಚು ಹೊಂದಿಸಿಕೊಳ್ಳುವುದು ಒಳ್ಳೆಯದು. ಅಲ್ಲಿಯವರೆಗೆ ಹಳೆಯ ಕೈಗವಸು ಹಾಕಿಕೊಂಡು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಮನೆ ಹಿಂದಿನ ಸಾಗವಾನಿ ಮರಗಳಿಗೆ ದಾರ ಸುತ್ತಿ ಬಿಚ್ಚುವುದಕ್ಕೆ ಯಾರ ಪರವಾನಗಿಯೂ ಬೇಕಿಲ್ಲ.